‘ಕೇಳಿಸುವುದಿಲ್ಲ’ ಅನ್ನುವ ಮಗು

ಹೆಡ್‌ಫೋನ್ ಸಿಕ್ಕಿಸಿಕೊಂಡ ಮಕ್ಕಳು ಎಷ್ಟು ಕರೆದರೂ ಓಗೊಡುವುದಿಲ್ಲ ಎಂಬುದು ತಾಯಂದಿರ ಸಾಮಾನ್ಯ ದೂರು. ಇದಕ್ಕೆ ತದ್ವಿರುದ್ಧವಾದ ದೂರೊಂದು ಮಕ್ಕಳದ್ದೂ ಇದೆ. “ಉಮ್ಮಾ, ಇದರಲ್ಲಿ ಏನೂ ಕೇಳಿಸುವುದಿಲ್ಲ.” ಪಾಠ ತಪ್ಪಿಸಲು ಹೂಡಿದ ನೆಪವೆಂದು ಅನೇಕ ಮನೆಗಳಲ್ಲಿ ಈ ಮಾತಿಗೆ ಗದರಿಕೆಯೇ ಉತ್ತರ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಮೊಬೈಲ್‌ಗೆ ಬಂದಾಗ ಇಂತಹ ಗದರಿಕೆ ತಿಂದ ಮಕ್ಕಳು ಕಡಿಮೆಯಲ್ಲ. ಶಾಲೆಗಳು ತೆರೆದು ವರ್ಷಗಳಾದರೂ ಟ್ಯೂಷನ್ ಪಾಠ, ವಿದೇಶದಲ್ಲಿರುವ ತಂದೆಯ ಕರೆ ಇವೆಲ್ಲ ಇಂದಿಗೂ ಹೆಡ್‌ಫೋನನ್ನು ನೆಚ್ಚಿಕೊಂಡಿವೆ. ಆದ್ದರಿಂದ ಸಹೋದರಿಯರೇ, ಮಗುವನ್ನು ಗದರಿಸುವ ಮುನ್ನ, ಹೆಡ್‌ಫೋನನ್ನು ಕಸದ ಬುಟ್ಟಿಗೆ ಎಸೆಯುವ ಮುನ್ನ ಹತ್ತು ನಿಮಿಷ ಪರೀಕ್ಷೆಗೆ ಮೀಸಲಿಡಿ.

ಮೊದಲು ಧ್ವನಿಯನ್ನು ತೀರಾ ತಗ್ಗಿಸಿಕೊಳ್ಳಿ. ಕೇಳಿಸುತ್ತಿಲ್ಲವೆಂದು ಪೂರ್ತಿ ಏರಿಸಿಟ್ಟು ಪಿನ್ ಅಲುಗಾಡಿಸಿದರೆ, ಸಂಪರ್ಕ ಕೂಡಿಕೊಂಡ ಕ್ಷಣದಲ್ಲಿ ಕಿವಿಗೆ ಬಡಿದಂತಾಗುತ್ತದೆ.

ಈಗ ಎರಡು ಪರೀಕ್ಷೆ ಮಾಡಿ. ಅದೇ ಹೆಡ್‌ಫೋನನ್ನು ಇನ್ನೊಂದು ಮೊಬೈಲ್‌ಗೆ ಹಾಕಿ. ಬಳಿಕ ಇನ್ನೊಂದು ಹೆಡ್‌ಫೋನನ್ನು ಈ ಮೊಬೈಲ್‌ಗೆ ಹಾಕಿ. ದೋಷ ಯಾವುದರಲ್ಲಿದೆ ಎಂಬುದು ಇಷ್ಟರಲ್ಲೇ ಬಹುಮಟ್ಟಿಗೆ ತಿಳಿಯುತ್ತದೆ.

ದೋಷ ಮೊಬೈಲ್‌ನದ್ದಾದರೆ ಗಾಬರಿ ಬೇಡ. ರಿಂಗ್‌ಟೋನಿನ ಧ್ವನಿ ಬೇರೆ, ವಿಡಿಯೋ ಮತ್ತು ಪಾಠದ ಧ್ವನಿ ಬೇರೆ. ಒಂದು ಏರಿದ್ದರೂ ಇನ್ನೊಂದು ಸೊನ್ನೆಯಲ್ಲಿರಬಹುದು. ಬ್ಲೂಟೂತ್ ಚಾಲೂ ಇದ್ದರೆ ಧ್ವನಿ ಪಕ್ಕದ ಕೋಣೆಯ ಸ್ಪೀಕರಿಗೆ ಹೋಗುತ್ತಿರಬಹುದು; ಅದನ್ನು ಆರಿಸಿ ನೋಡಿ. ಪಿನ್ ಹಾಕುವ ತೂತಿನಲ್ಲಿ ಜೇಬಿನ ನೂಲು, ಧೂಳು ತುಂಬಿದ್ದರೆ ಮೊಬೈಲ್ ಆಫ್ ಮಾಡಿ, ಒಣಗಿದ ಮರದ ಹಲ್ಲುಕಡ್ಡಿಯಿಂದ ಮೆಲ್ಲನೆ ತೆಗೆಯಿರಿ. ಸೂಜಿ, ನೀರು ಎರಡೂ ಕೂಡದು. ಕಂಪ್ಯೂಟರಾದರೆ ಹಸಿರು ತೂತು ಹೆಡ್‌ಫೋನಿಗೆ, ಗುಲಾಬಿ ಬಣ್ಣದ್ದು ಮೈಕಿಗೆ. ಇವು ಅದಲುಬದಲಾದರೂ ಸದ್ದು ಬರುವುದಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ದಪ್ಪನೆಯ ಕವರ್ ಅಡ್ಡ ಬಂದು ಪಿನ್ ಪೂರ್ತಿ ಒಳಗೆ ಕೂರದಿದ್ದರೆ, ಕೆಲವೊಮ್ಮೆ ವಾದ್ಯದ ಸದ್ದು ಕೇಳಿಸಿ ಮಾತು ಮಾತ್ರ ಮಾಯವಾಗುತ್ತದೆ. ಎರಡೂ ಬದಿಗೆ ಒಂದೇ ಸಮನಾಗಿ ಬರುವ ಧ್ವನಿಗಳು ಆಗ ಒಂದನ್ನೊಂದು ಅಳಿಸಿಹಾಕುವುದೇ ಕಾರಣ. ಹಾಡೊಂದನ್ನು ಹಚ್ಚಿ ನೋಡಿದ ತಾಯಿಗೆ ಎಲ್ಲವೂ ಸರಿಯಿದೆ ಅನ್ನಿಸುತ್ತದೆ. ಟೀಚರ್ ಮಾತು ಕೇಳಿಸುವುದಿಲ್ಲವೆಂದು ಮಗು ಅಳುತ್ತದೆ. ಇಬ್ಬರು ಹೇಳುವುದೂ ನಿಜವೇ! ಕವರ್ ಕಳಚಿ, ‘ಟಕ್’ ಎನ್ನುವವರೆಗೆ ಪಿನ್ ಒತ್ತಿ.

ದೋಷ ಹೆಡ್‌ಫೋನಿನದ್ದಾದರೆ ತಂತಿ ನೋಡಿ. ಪಿನ್ ಬುಡದಲ್ಲಿ ಮಡಿಚಿ ಮಡಿಚಿ ಒಳಗಿನ ಎಳೆ ತುಂಡಾಗುವುದೇ ಹೆಚ್ಚು. ಅಲ್ಲಿ ಬಗ್ಗಿಸಿದಾಗ ಸದ್ದು ಬಂದು ಹೋಗುತ್ತಿದ್ದರೆ ರಿಪೇರಿಯವರು ಹೊಸ ಪಿನ್ ಬೆಸೆದು ಕೊಡಬಲ್ಲರು. ಕಿವಿಯೊಳಗೆ ಇಡುವಂಥದ್ದಾದರೆ ಅದರ ಜಾಲರಿಗೆ ಗುಗ್ಗೆ ಮೆತ್ತಿಕೊಂಡಿರಬಹುದು. ಒಣ ಮೆತ್ತನೆಯ ಬ್ರಷ್‌ನಿಂದ, ಜಾಲರಿಯನ್ನು ಕೆಳಮುಖವಾಗಿ ಹಿಡಿದು ಉಜ್ಜಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಒಂದೇ ಕಿವಿಗೆ ಕೇಳಿಸುತ್ತಿಲ್ಲವೆಂದು ಮಗು ಹೇಳಿದರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಿಸಿ ಇಡಿ. ಮೌನವೂ ಆಚೆ ಕಿವಿಗೆ ಹೋದರೆ ಕೆಟ್ಟಿರುವುದು ಹೆಡ್‌ಫೋನ್ ಅಥವಾ ಮೊಬೈಲ್. ಆದರೆ ಎಷ್ಟು ಬದಲಿಸಿದರೂ ಅದೇ ಕಿವಿಗೆ ಕೇಳಿಸದಿದ್ದರೆ ತೊಂದರೆ ಆ ಕಿವಿಯದ್ದು. ಗುಗ್ಗೆ ಕಟ್ಟಿರಬಹುದು, ಸೋಂಕಿರಬಹುದು, ಶ್ರವಣಶಕ್ತಿಯೇ ಕುಂದಿರಬಹುದು. ಕಡ್ಡಿ ಹಾಕುವುದಾಗಲಿ, ಬಿಸಿ ಎಣ್ಣೆ ಬಿಡುವುದಾಗಲಿ ಮಾಡದೆ ಕಿವಿಯ ವೈದ್ಯರನ್ನು ಕಾಣಿರಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ, ಅದು ಮಗುವಿನದ್ದಿರಲಿ ದೊಡ್ಡವರದ್ದಿರಲಿ, ಅಂದೇ ಹೊರಡಿ. ದಿನಗಳು ಕಳೆದಷ್ಟೂ ಚಿಕಿತ್ಸೆ ಫಲಿಸುವ ಸಾಧ್ಯತೆ ಕಡಿಮೆಯಾಗುತ್ತದೆ.

ಸರಿಯಿರುವ ಕಿವಿಗೂ ಕಾವಲು ಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಮಾನದಂಡದಂತೆ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ ಅಷ್ಟೇ ಗಂಟೆ 75 ಡೆಸಿಬೆಲ್ ಮಿತಿ. ಈ ಅಳತೆ ಮನೆಯಲ್ಲಿ ಆಗುವಂಥದ್ದಲ್ಲ. ಹೆಡ್‌ಫೋನ್ ಹಾಕಿರುವಾಗಲೂ ಪಕ್ಕದಲ್ಲಿ ನಿಂತು ಆಡಿದ ಮಾತು ಮಗುವಿಗೆ ಕೇಳಿಸುವಷ್ಟು ಧ್ವನಿ ಇಡುವುದನ್ನು ರೂಢಿಸಿ.

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ ಅನ್ನುತ್ತಾರಲ್ಲ, ಸದ್ದಿಲ್ಲವೆಂದು ಹೆಡ್‌ಫೋನ್ ಎಸೆಯುವುದೂ ಹಾಗೆಯೇ. ಹಣ ಉಳಿಯುವುದು ಒಳ್ಳೆಯದೇ. ಅದಕ್ಕಿಂತಲೂ, ನಿಜ ಹೇಳಿದ ಮಗು ಸುಳ್ಳುಗಾರನೆಂಬ ಹೆಸರು ಹೊರದೆ ಉಳಿಯಬೇಕು. ‘ಕೇಳಿಸುವುದಿಲ್ಲ’ ಎಂದು ಅದು ಹೇಳಿದಾಗ ಮೊದಲು ನಂಬಿ, ಆಮೇಲೆ ಪರೀಕ್ಷಿಸಿ.