ಬೀಗ ಹಾಕಿದ ಮಾತ್ರಕ್ಕೆ ಮನೆ ಭದ್ರವೇ?



ಶಾಲೆಗಳ ರಜೆ ಹತ್ತಿರ ಬಂತು. ಫರ್ವಾನಿಯಾ, ಅಬ್ಬಾಸಿಯಾ, ಸಾಲ್ಮಿಯಾದ ಮನೆಗಳಲ್ಲಿ ಪೆಟ್ಟಿಗೆ ಕಟ್ಟುವ, ತೂಕ ನೋಡುವ ಗಡಿಬಿಡಿ ಶುರುವಾಗಿದೆ. ಕುಟುಂಬ ಸಮೇತ ಊರಿಗೆ ಹೊರಟವರು ಪ್ರತಿ ವರ್ಷ ನಮ್ಮಲ್ಲಿ ಕೇಳುವ ಪ್ರಶ್ನೆ ಒಂದೇ: "ಎರಡು ತಿಂಗಳು ಫ್ಲ್ಯಾಟ್ ಖಾಲಿ ಉಂಟಲ್ಲ, ಎಂತ ಮಾಡುವುದು?"

ಮೊದಲು ಕಳ್ಳರ ವಿಷಯ. ಬಾಗಿಲ ಎದುರು ಬಿದ್ದ ಜಾಹೀರಾತು ಚೀಟಿಗಳ ರಾಶಿಯೇ ಮನೆ ಖಾಲಿ ಎಂದು ಹೇಳಿಬಿಡುತ್ತದೆ. ಆದ್ದರಿಂದ ನಂಬಿಕಸ್ಥ ಗೆಳೆಯನೊಬ್ಬನ ಕೈಗೆ ಕೀ ಕೊಡಿ, ವಾರಕ್ಕೆರಡು ಸಲ ಬಂದು ನೋಡಲಿ. ಕಟ್ಟಡದ ಹಾರಿಸ್‌ಗೆ ಅವನ ಪರಿಚಯ ಮಾಡಿಸಿ. ಬಾಡಿಗೆ ಉಳಿಯುತ್ತದೆಂದು ಗುರುತಿಲ್ಲದವರನ್ನು ಒಳಗೆ ಕೂರಿಸಿ ಹೋಗುವುದು ಬೇಡ. ಚಿನ್ನ, ದುಡ್ಡು, ಮೂಲ ದಾಖಲೆಗಳು ಕಪಾಟಿನಲ್ಲಿ ಇರಬಾರದು. ಏರ್‌ಪೋರ್ಟಿನಲ್ಲಿ ತೆಗೆದ ಫೋಟೋವನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುವ ಅವಸರವೂ ಬೇಡ, ವಾಪಸ್ ಬಂದ ಮೇಲೆ ಹಾಕಿದರಾಯ್ತು. ಗ್ಯಾಸ್, ನೀರು, ಹೀಟರ್ ಬಂದ್ ಮಾಡಿ. ಫ್ರಿಜ್ ಖಾಲಿ ಮಾಡಿಯೇ ಹೊರಡಿ. 2024ರ ಜೂನ್‌ನಲ್ಲಿ ಕುವೈತ್‌ನಲ್ಲೂ ಸರದಿ ಪ್ರಕಾರ ಕರೆಂಟ್ ತೆಗೆದದ್ದನ್ನು ನಾವು ಕಂಡಿದ್ದೇವೆ.

ಇಷ್ಟು ಮಾಡಿದರೆ ಕಳ್ಳನ ಹೆದರಿಕೆ ಕಡಿಮೆಯಾಯ್ತು. ಆದರೆ ಈ ಊರಿನ ಬೇಸಿಗೆಗೆ ಇನ್ನೊಬ್ಬ ಶತ್ರು ಉಂಟು. ಅವನು ಬೀಗ ಒಡೆದು ಬರುವುದಿಲ್ಲ, ಗೋಡೆಯೊಳಗಿನ ವಯರಿನಲ್ಲೇ ಇರುತ್ತಾನೆ.

2024ರ ಜೂನ್ 12ನ್ನು ಯಾರು ಮರೆತಾರು? ಬಕ್ರೀದ್‌ಗೆ ನಾಲ್ಕೇ ದಿನ ಬಾಕಿ. ಮಂಗಾಫ್‌ನ ಕಾರ್ಮಿಕರ ಕಟ್ಟಡದಲ್ಲಿ ಬೆಳಗಿನ ಜಾವ, ಎಲ್ಲರೂ ಮಲಗಿದ್ದಾಗ, ಕೆಳಗಿನ ಕಾವಲುಗಾರನ ಕೋಣೆಯಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತಿತು. ಬೆಂಕಿಗಿಂತ ಹೆಚ್ಚಿನವರನ್ನು ಕೊಂದದ್ದು ಮೆಟ್ಟಿಲ ದಾರಿಯಲ್ಲಿ ಏರಿದ ಹೊಗೆ. ಮೇಲಕ್ಕೆ ಓಡಿದವರಿಗೆ ತಾರಸಿಯ ಬಾಗಿಲಿಗೆ ಬೀಗ ಹಾಕಿತ್ತು. ಎರಡು ದಿನದ ನಂತರ ವಾಯುಪಡೆಯ ವಿಮಾನ ಕೊಚ್ಚಿಯಲ್ಲಿ ಇಳಿದಾಗ ಅದರಲ್ಲಿದ್ದದ್ದು 45 ಭಾರತೀಯರ ಮೃತದೇಹಗಳು. ಅವರಲ್ಲಿ ನಮ್ಮ ನೆರೆಯ ಕಾಸರಗೋಡು ಜಿಲ್ಲೆಯವರಿದ್ದರು, ಕಲಬುರಗಿ ಜಿಲ್ಲೆಯವರೂ ಇದ್ದರು.

ಆ ತಾರಸಿಗೆ ಬೀಗ ಹಾಕಿದವನು ಕೊಲ್ಲಬೇಕೆಂದು ಹಾಕಿರಲಿಕ್ಕಿಲ್ಲ. ಸಾಮಾನ್ಯವಾಗಿ ಇಂಥ ಬೀಗ ಬೀಳುವುದು ಭದ್ರತೆಯ ಹೆಸರಿನಲ್ಲೇ. ಇದನ್ನು ನಾವು ಬೇರೆಯವರ ಮೇಲೆ ಬೆರಳು ತೋರಿಸಿ ಹೇಳುತ್ತಿಲ್ಲ, ನಾವೂ ಈ ತಪ್ಪು ಮಾಡಿದವರೇ. ನಾವಿದ್ದ ಬ್ಯಾಚುಲರ್ ಕೋಣೆಯಲ್ಲಿ ಒಮ್ಮೆ ಎರಡು ಮೊಬೈಲ್ ಕಳವಾಯ್ತು. ಮರುದಿನವೇ ಹೊರಗಿನ ಗ್ರಿಲ್‌ಗೆ ದಪ್ಪ ಬೀಗ ತಂದು ಹಾಕಿದೆವು. ಕೀ ಒಬ್ಬನ ಕಿಸೆಯಲ್ಲಿ. ಅವನು ಬೆಳಿಗ್ಗೆ ಬೀಗ ಹಾಕಿಕೊಂಡು ಕೆಲಸಕ್ಕೆ ಹೋದರೆ ಒಳಗೆ ರಾತ್ರಿ ಪಾಳಿ ಮುಗಿಸಿ ಬಂದ ಮೂವರು ಮಲಗಿರುತ್ತಿದ್ದರು. ಎಷ್ಟೋ ತಿಂಗಳು ಹೀಗೇ ನಡೆಯಿತು. "ಬೀಗ ಉಂಟಲ್ಲ, ಇನ್ನೆಂತ ಹೆದರಿಕೆ?" ಎಂದುಕೊಂಡಿದ್ದೆವು. ಮಂಗಾಫ್‌ನ ಸುದ್ದಿ ಬಂದ ದಿನ ಆ ಗ್ರಿಲ್ ನೆನಪಾಗಿ ನಮಗೆ ಊಟ ಸೇರಲಿಲ್ಲ.

ಆದ್ದರಿಂದ ಈ ಬೇಸಿಗೆಯಲ್ಲಿ ಪ್ರತಿ ಕೋಣೆಯವರೂ ಒಂದು ಪರೀಕ್ಷೆ ಮಾಡಿ. ರಾತ್ರಿ ದೀಪ ಆರಿಸಿ, ಕೀ ಇಲ್ಲದೆ, ಕತ್ತಲಲ್ಲೇ ಹೊರಗೆ ಬರಲು ಆಗುತ್ತದಾ ನೋಡಿ. ಆಗದಿದ್ದರೆ ಆ ಬೀಗ ಬದಲಿಸಿ. ಒಳಗಿನಿಂದ ಕೈಯಲ್ಲೇ ತೆರೆಯುವ ಚಿಲಕ ಇರಲಿ. ಮೆಟ್ಟಿಲ ಮೇಲೆ ಹಳೇ ಹಾಸಿಗೆ, ರಟ್ಟಿನ ಪೆಟ್ಟಿಗೆ, ಸೈಕಲ್ ಬೇಡ. ತಾರಸಿಯ ಬಾಗಿಲು ತೆರೆಯುತ್ತದಾ ಎಂದು ಹಾರಿಸ್‌ನನ್ನು ಕೇಳಿ.

ಇನ್ನು ವಯರಿನ ವಿಷಯ. 2016ರ ಜುಲೈಯಲ್ಲಿ ಇಲ್ಲಿನ ಮಿತ್ರಿಬಾದಲ್ಲಿ ತಾಪಮಾನ 53.9 ಡಿಗ್ರಿ ಮುಟ್ಟಿದ ದಾಖಲೆ ಇದೆ. ಇಂಥ ಊರಿನಲ್ಲಿ ಹಗಲು ರಾತ್ರಿ ಎಸಿ ಓಡಲೇಬೇಕು. ಓಡುವ ಎಸಿಗೆ ಸರ್ವಿಸ್ ಬೇಕು, ಅದಕ್ಕೇ ಬೇರೆ ಲೈನ್ ಬೇಕು. ಒಂದೇ ಎಕ್ಸ್‌ಟೆನ್ಶನ್‌ಗೆ ರೈಸ್ ಕುಕ್ಕರ್, ಇಸ್ತ್ರಿ ಪೆಟ್ಟಿಗೆ, ನಾಲ್ಕು ಚಾರ್ಜರ್ ಸಿಕ್ಕಿಸಿ ಕೆಲಸಕ್ಕೆ ಹೋಗುವ ಅಭ್ಯಾಸ ಬಿಡೋಣ. ಪ್ಲಗ್ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ "ಏನಾಗಲ್ಲ ಮಾರಾಯ" ಎನ್ನುವುದು ಬೇಡ. ದಿಂಬಿನಡಿ ಮೊಬೈಲ್ ಚಾರ್ಜ್‌ಗೆ ಹಾಕಿ ಮಲಗುವುದೂ ಬೇಡ. ಗ್ಯಾಸ್ ಸಿಲಿಂಡರ್ ಬಿಸಿಲಿಗೂ ಬೇಡ, ಮಲಗುವ ಕೋಣೆಗೂ ಬೇಡ.

ಕಾರ್ಮಿಕರ ಜಾಗ್ರತೆಯಿಂದಲೇ ಎಲ್ಲ ಆಗದು ಎಂಬುದೂ ನಮಗೆ ಗೊತ್ತು. ವಯರಿಂಗ್ ಸರಿಮಾಡಬೇಕಾದವರು ಕಟ್ಟಡದ ಮಾಲೀಕರು. ಹತ್ತು ಜನರ ಜಾಗದಲ್ಲಿ ಇಪ್ಪತ್ತು ಜನರನ್ನು ತುಂಬದೆ ಇರಬೇಕಾದವರು ಕಂಪನಿಯವರು. ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಕಾನೂನು ಉಂಟು. ಆ ಹೊತ್ತಿನಲ್ಲಿ ದಣಿದು ಬಂದು ಮಲಗುವ ಜಾಗವೂ ಸುರಕ್ಷಿತವಾಗಿರಬೇಡವೇ? ಒಬ್ಬನೇ ಹೋಗಿ ಹೇಳಿದರೆ ಕೆಲಸ ಹೋದೀತೆಂಬ ಹೆದರಿಕೆ ಸಹಜ. ಹಾಗಾಗಿ ಕೋಣೆಯವರೆಲ್ಲ ಸೇರಿ ಸಹಿ ಹಾಕಿ ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಬರೆಯಲು ಬಾರದವರು ನಮ್ಮ ಕಾರ್ಯಕರ್ತರಲ್ಲಿ ಹೇಳಿ, ಬರೆದು ಕೊಡುವುದು ನಮ್ಮ ಕೆಲಸ.

ಕೊನೆಗೆ ಊರಿನ ಮನೆ. ಇಲ್ಲಿ ಬೆಂಕಿ ಸುರಿಯುವಾಗ ಉಳ್ಳಾಲ, ಬಂಟ್ವಾಳ, ಪುತ್ತೂರಿನಲ್ಲಿ ಮಳೆ ಸುರಿಯುತ್ತಿರುತ್ತದೆ. ಫೋನ್ ಮಾಡಿದಾಗ "ದುಡ್ಡು ಬಂತಾ?" ಎಂದು ಮಾತ್ರ ಕೇಳಬೇಡಿ. ಹಿಂಬಾಗಿಲ ಚಿಲಕ ಸರಿ ಉಂಟಾ, ಸಿಡಿಲು ಬರುವಾಗ ಟಿವಿ, ಫ್ರಿಜ್‌ನ ಪ್ಲಗ್ ತೆಗೆಯುತ್ತಾರಾ, ವಯರ್ ತುಂಡಾಗಿ ಬಿದ್ದರೆ ಮುಟ್ಟದೆ ಮೆಸ್ಕಾಂಗೆ ತಿಳಿಸಬೇಕೆಂದು ಮಕ್ಕಳಿಗೆ ಗೊತ್ತುಂಟಾ ಎಂದೂ ಕೇಳಿ. ತುರ್ತಿಗೆ ಅಲ್ಲಿಯೂ 112, ಇಲ್ಲಿಯೂ 112. ಎರಡೂ ಮನೆಯ ಗೋಡೆಯಲ್ಲಿ ದೊಡ್ಡದಾಗಿ ಬರೆದಿಡಿ.

ನಾವು ಇಲ್ಲಿ ಬೆವರು ಸುರಿಸುವುದು ಊರಿನಲ್ಲೊಂದು ಮನೆ ನಿಲ್ಲಲಿ ಎಂದು. ಆ ಮನೆಗೆ ಬೇಕಾದದ್ದು ನಾವು ಕಳಿಸುವ ದಿನಾರ್ ಮಾತ್ರ ಅಲ್ಲ, ಜೀವಂತ ವಾಪಸ್ ಬರುವ ನಾವು. ಇವತ್ತು ರಾತ್ರಿ ಮಲಗುವ ಮುಂಚೆ ಬಾಗಿಲ ಹತ್ತಿರ ಹೋಗಿ ಒಮ್ಮೆ ಆ ಚಿಲಕ ತೆರೆದು ನೋಡಿ.