ವಿಶ್ವಾಸದಿಂದುಂಟಾಗುವ ಆದರಣೆ

ನಮ್ಮ ಶಾಲೆಯಿಂದ ಹೊರಟುಹೋದ ಸೋದರಿಯರು ವಾರ್ಷಿಕೋತ್ಸವದ ಸಂದರ್ಭದಲ್ಲಿ ತಿರುಗಿ ಬಂದು ನಮ್ಮೊಡನೆ ಕುಳಿತು ಮಾತನಾಡುವುದುಂಟು. ಮೊದಲು ಗಂಡ ಮಕ್ಕಳ ಕ್ಷೇಮಸಮಾಚಾರ, ಆಮೇಲೆ ಹಳೆಯ ಉಪಾಧ್ಯಾಯಿನಿಯರ ನೆನಪು, ಅನಂತರ ಸ್ವಲ್ಪ ನಗು. ಇವೆಲ್ಲವೂ ಮುಗಿದು ಎದ್ದು ಹೊರಡುವ ವೇಳೆಯಲ್ಲಿ ಮನಸ್ಸಿನೊಳಗಿನ ನಿಜವಾದ ಮಾತು ಹೊರಬೀಳುವುದು. ಒಬ್ಬಳಿಗೆ ಯಜಮಾನರ ಕೆಲಸವು ಉಳಿಯುವುದೋ ಹೋಗುವುದೋ ಎಂಬ ಭಯ. ಇನ್ನೊಬ್ಬಳಿಗೆ ತಾಯಿಯ ವಾಸಿಯಾಗದ ರೋಗ. ಮತ್ತೊಬ್ಬಳಿಗೆ, ಕೂಡಿ ಆಡಿ ಬೆಳೆದ ಗೆಳತಿಯು ಕಾರಣವನ್ನು ಹೇಳದೆ ಮಾತು ಬಿಟ್ಟಳೆಂಬ ವ್ಯಥೆ. ಇವರೆಲ್ಲರೂ ಕಡೆಯಲ್ಲಿ ಕೇಳುವ ಪ್ರಶ್ನೆ ಮಾತ್ರ ಒಂದೇ: “ಇಷ್ಟು ಪ್ರಾರ್ಥನೆ ಮಾಡಿದರೂ ನನಗೇಕೆ ಹೀಗಾಯಿತು?”

ಈ ಪ್ರಶ್ನೆಗೆ ನಮ್ಮ ಜನರಲ್ಲಿ ಸಿದ್ಧವಾಗಿರುವ ಉತ್ತರವೊಂದುಂಟು. ನಿನ್ನ ನಂಬಿಕೆ ಸಾಲದು ಎಂಬುದೇ ಅದು. ಈ ಉತ್ತರವು ತಪ್ಪಾದುದೆಂದೂ, ದುಃಖದಲ್ಲಿರುವವರಿಗೆ ಇದರಿಂದ ಮತ್ತಷ್ಟು ಗಾಯವಾಗುವುದೆಂದೂ ನಾವು ಸ್ಪಷ್ಟವಾಗಿ ಹೇಳಬಯಸುವೆವು. ವಿಶ್ವಾಸವೆಂಬುದು ಕೊರಳಿಗೆ ಕಟ್ಟಿಕೊಂಡರೆ ಕೇಡನ್ನು ತಡೆಯುವ ತಾಯಿತವಲ್ಲ.

ನಾವು ಇದೇ ಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ತರಗತಿಯಲ್ಲಿ ಒಬ್ಬ ಗೆಳತಿಯಿದ್ದಳು. ಹಾಡಿನಲ್ಲಿಯೂ ಲೆಕ್ಕದಲ್ಲಿಯೂ ಅವಳೇ ಮುಂದು. ಹೃದಯದ ವ್ಯಾಧಿಯು ತಲೆದೋರಿದುದರಿಂದ ಅವಳು ಓದನ್ನು ಅರ್ಧಕ್ಕೆ ನಿಲ್ಲಿಸಿ ಮನೆ ಸೇರಬೇಕಾಯಿತು. ಏನು ಬರೆಯಬೇಕೆಂದು ತೋಚದೆ ನಾವು ಅವಳಿಗೆ ಒಂದು ಪತ್ರವನ್ನೂ ಬರೆಯಲಿಲ್ಲ. ಎರಡು ವರ್ಷಗಳ ಮೇಲೆ ನೋಡಲು ಹೋದಾಗ ಅವಳು ನಮ್ಮನ್ನು ದೂರಲಿಲ್ಲ. “ಬಂದವರೆಲ್ಲರೂ ನನ್ನ ಕಾಯಿಲೆಗೆ ಕಾರಣವನ್ನು ಹೇಳಿಹೋದರು; ಒಬ್ಬರಾದರೂ ಕುಳಿತು ಒಂದು ಲೋಟ ಗಂಜಿ ಕುಡಿಸಿ ಹೋಗಲಿಲ್ಲ” ಎಂದಷ್ಟೇ ಹೇಳಿದಳು. ಅವಳು ಈಗ ಕರ್ತನ ಸನ್ನಿಧಿಯಲ್ಲಿದ್ದಾಳೆ. ಆದರೆ ಆ ಮಾತು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಕಾರಣ ಹೇಳಿದವರು ಅವರು. ಹೋಗದೆಯೇ ಇದ್ದವರು ನಾವು. ಈ ಎರಡರಲ್ಲಿ ಯಾವ ತಪ್ಪು ದೊಡ್ಡದೆಂದು ಹೇಳಲಾರೆವು.

ಯೋಬನ ಚರಿತ್ರೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದ್ದೇವೆ. ಅವನ ಮೂವರು ಗೆಳೆಯರು ದೂರದಿಂದ ಬಂದು, ಏಳು ದಿನ ಹಗಲಿರುಳೂ ಅವನ ಬಳಿಯಲ್ಲಿ ನೆಲದ ಮೇಲೆ ಕುಳಿತು, ಒಂದು ಮಾತನ್ನೂ ಆಡದೆ ಇದ್ದರು. ಅಷ್ಟರ ಮಟ್ಟಿಗೆ ಅವರು ಒಳ್ಳೆಯ ಗೆಳೆಯರೇ ಸರಿ. ಬಾಯಿ ತೆರೆದು ಅವನ ಕಷ್ಟಕ್ಕೆ ಅವನ ಪಾಪವೇ ಕಾರಣವೆಂದು ವಾದಿಸತೊಡಗಿದ ಮೇಲೆಯೇ ಅವರು ಕೆಟ್ಟರು. ಗ್ರಂಥದ ಕಡೆಯಲ್ಲಿ ದೇವರು ಗದರಿಸಿದುದು ಯೋಬನ ಈ ಮೂವರು ಗೆಳೆಯರನ್ನು, ಅವರು ಸರಿಯಾದುದನ್ನು ಆಡಲಿಲ್ಲವೆಂಬ ಕಾರಣಕ್ಕಾಗಿ.

ಇನ್ನು ಅಪೊಸ್ತಲನಾದ ಪೌಲನ ವಿಷಯವನ್ನು ನೋಡೋಣ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕಡೆಯ ಅಧ್ಯಾಯವನ್ನು ನಮ್ಮ ಸೋದರಿಯರು ಮತ್ತೊಮ್ಮೆ ಓದಬೇಕೆಂದು ಬೇಡುವೆವು. ಮೇಲೆ ಹೇಳಿದ ಮೂರು ಚಿಂತೆಗಳೂ ಆ ಒಂದೇ ಅಧ್ಯಾಯದಲ್ಲಿವೆ. ಬರೆದವನು ಸೆರೆಯಲ್ಲಿದ್ದಾನೆ, ಮರಣವು ಹತ್ತಿರವಾಯಿತೆಂದು ಬಲ್ಲನು. ಆದರೂ ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತರಬೇಕೆಂದೂ, ಚಳಿಗಾಲಕ್ಕೆ ಮುಂಚೆ ಬರಬೇಕೆಂದೂ ಗೆಳೆಯನನ್ನು ಬೇಡಿಕೊಳ್ಳುತ್ತಾನೆ. ದೇವರಲ್ಲಿ ಭರವಸವಿಟ್ಟವನಿಗೂ ಚಳಿಯಾಗುವುದು. ಅವನು ಬಟ್ಟೆಯನ್ನು ಕೇಳಲು ನಾಚಲಿಲ್ಲ.

ಅದೇ ಅಧ್ಯಾಯದಲ್ಲಿ, ತ್ರೊಫಿಮನು ರೋಗದಲ್ಲಿದ್ದುದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆನೆಂಬ ಒಂದು ಚಿಕ್ಕ ಸಂಗತಿಯುಂಟು. ಎಷ್ಟೋ ಮಂದಿ ರೋಗಿಗಳು ಪೌಲನಿಂದ ಸ್ವಸ್ಥರಾದರೆಂದು ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವಲ್ಲವೇ? ಆದರೆ ತನ್ನ ಜೊತೆಗಾರನು ಹಾಸಿಗೆ ಹಿಡಿದಾಗ ಪೌಲನು ಅವನನ್ನು ಅವಿಶ್ವಾಸಿಯೆಂದು ಕರೆಯಲಿಲ್ಲ. ತನ್ನ ಸ್ವಂತ ಶರೀರದ ಮುಳ್ಳು ತೊಲಗಬೇಕೆಂದು ಅವನೇ ಮೂರಾವರ್ತಿ ಪ್ರಾರ್ಥಿಸಿದನು. ಮುಳ್ಳು ತೊಲಗಲಿಲ್ಲ, ಅದನ್ನು ತಾಳಿಕೊಳ್ಳುವುದಕ್ಕೆ ಬೇಕಾದ ಕೃಪೆಯು ದೊರೆಯಿತು. ಅಪೊಸ್ತಲನ ನಂಬಿಕೆಯನ್ನೇ ಸಾಲದೆನ್ನುವ ಧೈರ್ಯವು ನಮ್ಮಲ್ಲಿ ಯಾರಿಗಿದೆ?

ಹಾಗಾದರೆ ರೋಗ ಬಂದಾಗ ಸುಮ್ಮನೆ ಸಹಿಸಬೇಕೇ ಎಂದು ಕೇಳಬಹುದು. ಅಲ್ಲ. ಔಷಧವೂ ದೇವರ ವರವೇ ಎಂದು ನಂಬಿದವರಿಂದಲೇ ನಮ್ಮ ದೇಶದಲ್ಲಿ ಮಿಷನ್ ಆಸ್ಪತ್ರೆಗಳು ಹುಟ್ಟಿದವು. ವೇಲೂರಿನಲ್ಲಿ ಡಾಕ್ಟರ್ ಈಡಾ ಸ್ಕಡರ್ ಅವರು 1900ರಲ್ಲಿ ಒಂದೇ ಹಾಸಿಗೆಯ ಔಷಧಾಲಯವನ್ನು ಆರಂಭಿಸಿ, 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಶಾಲೆಯನ್ನು ತೆರೆದರು. ಅದೇ ವೇಲೂರಿನಲ್ಲಿ ವೈದ್ಯೆಯಾಗಿದ್ದ ಕೇರಳದ ಮೇರಿ ವರ್ಗೀಸ್ ಎಂಬವರ ಜೀವಿತವನ್ನು ನಮ್ಮ ಹೆಣ್ಣುಮಕ್ಕಳು ತಿಳಿದಿರಬೇಕು. 1954ರಲ್ಲಿ ಮೋಟಾರು ಅಪಘಾತದಿಂದ ಅವರ ಬೆನ್ನೆಲುಬಿಗೆ ಪೆಟ್ಟಾಗಿ ಕಾಲುಗಳ ಶಕ್ತಿಯು ಹೋಯಿತು. ಮತ್ತೆ ಬರಲೇ ಇಲ್ಲ. ಆದರೆ ಕೈಗಳು ಉಳಿದಿದ್ದವು. ಗಾಲಿಕುರ್ಚಿಯಲ್ಲಿ ಕುಳಿತುಕೊಂಡೇ ಅವರು ಕುಷ್ಠರೋಗದಿಂದ ಮುದುಡಿದ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುವುದನ್ನು ಕಲಿತರು. ಅನಂತರ ಪರದೇಶದಲ್ಲಿ ಹೆಚ್ಚಿನ ಶಿಕ್ಷಣ ಪಡೆದು ಬಂದರು. ಅಂಗವಿಕಲರು ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಲು ಕಲಿಸುವ ಸಂಸ್ಥೆಯು 1966ರಲ್ಲಿ ಅವರ ಮುಂದಾಳುತನದಲ್ಲಿ ಆರಂಭವಾಯಿತು. ಸರಕಾರವು 1972ರಲ್ಲಿ ಅವರಿಗೆ ಪದ್ಮಶ್ರೀ ಬಿರುದನ್ನಿತ್ತಿತು. ಅವರಿಗೆ ನಂಬಿಕೆ ಇದ್ದಿದ್ದರೆ ನಡೆಯುತ್ತಿದ್ದರೆಂದು ಹೇಳುವವರು, ಅವರಿಂದ ಎದ್ದು ಕುಳಿತವರನ್ನು ಒಮ್ಮೆ ನೆನೆಯಲಿ.

ಮೂರನೆಯದು ಸ್ನೇಹದ ಚಿಂತೆ. ಇದನ್ನು ದೊಡ್ಡವರು ಲಘುವಾಗಿ ಎಣಿಸುವುದುಂಟು. ಹದಿನಾಲ್ಕು ವರ್ಷದ ಹುಡುಗಿಗೆ ಗೆಳತಿಯು ಬೆಂಚು ಬದಲಾಯಿಸಿ ಕುಳಿತದ್ದು ಎಷ್ಟು ದೊಡ್ಡ ದುಃಖವೆಂಬುದನ್ನು ತಂದೆತಾಯಂದಿರು ತಿಳಿಯಬೇಕೆಂದು ವಿಜ್ಞಾಪಿಸುವೆವು. ಪೌಲನಿಗೂ ಈ ದುಃಖವು ತಪ್ಪಲಿಲ್ಲ. ದೇಮನು ತನ್ನನ್ನು ತೊರೆದುಹೋದನೆಂದೂ, ವೈದ್ಯನಾದ ಲೂಕನೊಬ್ಬನೇ ಜೊತೆಯಲ್ಲಿ ಉಳಿದನೆಂದೂ ಅವನು ಮರೆಮಾಚದೆ ಬರೆದನು. ಆದರೆ ಅಲ್ಲಿಯೇ, ಮಾರ್ಕನನ್ನು ಕರೆದುಕೊಂಡು ಬರಬೇಕೆಂದೂ ಹೇಳುತ್ತಾನೆ. ಈ ಮಾರ್ಕನು ಯಾರು? ಮೊದಲೊಮ್ಮೆ ಪ್ರಯಾಣದ ನಡುವೆ ಬಿಟ್ಟುಹೋದವನು. ಅವನನ್ನು ಮತ್ತೆ ಸೇರಿಸಿಕೊಳ್ಳುವ ವಿಷಯದಲ್ಲಿಯೇ ಪೌಲನಿಗೂ ಬಾರ್ನಬನಿಗೂ ತೀಕ್ಷ್ಣವಾದ ವಾಗ್ವಾದ ಹುಟ್ಟಿ ಇಬ್ಬರೂ ಬೇರೆಬೇರೆ ದಾರಿ ಹಿಡಿದರು. ಅಂಥವನನ್ನು ಈಗ ಸೆರೆಯಲ್ಲಿರುವ ವೃದ್ಧನು ತನಗೆ ಬೇಕಾದವನೆಂದು ಕರೆಸಿಕೊಳ್ಳುತ್ತಾನೆ. ಮುರಿದ ಸ್ನೇಹಗಳೆಲ್ಲವೂ ಕೂಡಿಬರುವುದಿಲ್ಲ. ದೇಮನು ತಿರುಗಿ ಬಂದನೆಂದು ಅಲ್ಲಿ ಬರೆದಿಲ್ಲ. ಆದರೆ ಕೆಲವು ಕೂಡಿಬರುವವು. ಅದಕ್ಕೆ ಯಾರಾದರೊಬ್ಬರು ಮೊದಲು ಕರೆಯಬೇಕು.

ಕಷ್ಟವು ಹೋಗದಿದ್ದರೆ ವಿಶ್ವಾಸದಿಂದ ಪ್ರಯೋಜನವೇನು? ನಮ್ಮ ಉತ್ತರವು ಇದು. ಗೆತ್ಸೇಮನೆ ತೋಟದಲ್ಲಿ ನಮ್ಮ ಕರ್ತನೂ ವ್ಯಥೆಪಟ್ಟನು, ಗೆಳೆಯರು ತನ್ನೊಡನೆ ಎಚ್ಚರವಾಗಿರಬೇಕೆಂದು ಅವನೂ ಬೇಡಿದನು, ಅವರು ನಿದ್ದೆಹೋದರು. ಅವನು ಬೇಡಿಕೊಂಡ ಪಾತ್ರೆಯೂ ತೊಲಗಲಿಲ್ಲ. ಭಯ, ನೋವು, ಗೆಳೆಯರ ಮರೆವು ಇವು ಮೂರನ್ನೂ ಬಲ್ಲವನ ಬಳಿಗೆ ನಾವು ಹೋಗುತ್ತೇವೆ. ಇರುಳಿನಲ್ಲಿ ನಿದ್ದೆ ಬಾರದೆ ಹೊರಳುವಾಗ, ವಿವರಿಸಿ ಹೇಳುವ ಅಗತ್ಯವಿಲ್ಲದೆ ನಮ್ಮ ದುಃಖವನ್ನು ಅರಿತವನೊಬ್ಬನು ಹತ್ತಿರದಲ್ಲಿದ್ದಾನೆಂಬುದು ಚಿಕ್ಕ ಆದರಣೆಯಲ್ಲ. ಅದನ್ನು ಪಡೆದವರು ಅದನ್ನು ಇತರರಿಗೆ ಹಂಚತಕ್ಕದ್ದು. ಹಂಚದೆ ಇಟ್ಟುಕೊಂಡ ಆದರಣೆಯು ಮುಗ್ಗಿದ ಧಾನ್ಯದಂತೆ ಯಾರಿಗೂ ಉಪಯೋಗಕ್ಕೆ ಬಾರದು.

ಈ ಸಂಚಿಕೆಯನ್ನು ಓದುವವರಲ್ಲಿ ಬೇರೆ ಮತಗಳಿಗೆ ಸೇರಿದ ಸೋದರಿಯರೂ ಅನೇಕರಿದ್ದಾರೆ. ಅವರು ತಮ್ಮ ತಮ್ಮ ಮನೆಗಳಲ್ಲಿ ಕಲಿತ ಭಕ್ತಿಯಿಂದ ಧೈರ್ಯ ಪಡೆಯುವುದನ್ನು ನಾವು ಗೌರವದಿಂದ ಕಂಡಿದ್ದೇವೆ. ರೋಗಿಯ ಮಗ್ಗುಲಲ್ಲಿ ಕುಳಿತುಕೊಳ್ಳುವುದಕ್ಕೆ ಯಾವ ಮತದ ಅಡ್ಡಿಯೂ ಇಲ್ಲ.

ಆದಕಾರಣ ಹಳೆಯ ವಿದ್ಯಾರ್ಥಿನಿಯರೆಲ್ಲರಲ್ಲಿಯೂ ನಮ್ಮ ಬಿನ್ನಹವಿಷ್ಟೇ. ನಿಮ್ಮ ತರಗತಿಯಲ್ಲಿ ಈಚೆಗೆ ಸುದ್ದಿಯಿಲ್ಲದೆ ಇರುವವಳು ಯಾರೆಂದು ಈ ಹೊತ್ತೇ ನೆನಪುಮಾಡಿಕೊಳ್ಳಿರಿ. ಏನು ಬರೆಯಬೇಕೆಂದು ತೋಚದಿದ್ದರೆ, ತೋಚಲಿಲ್ಲವೆಂದೇ ಬರೆಯಿರಿ. ಹತ್ತಿರದಲ್ಲಿದ್ದರೆ ಹೋಗಿ ಬನ್ನಿರಿ. ಉಪದೇಶವನ್ನು ಮನೆಯಲ್ಲಿಟ್ಟು ಗಂಜಿಯನ್ನು ತೆಗೆದುಕೊಂಡು ಹೋಗಿರಿ. ನಾವು ಬರೆಯದೆ ಉಳಿಸಿದ ಪತ್ರವನ್ನು ಇನ್ನು ಬರೆಯಲಾರೆವು. ನಿಮಗಾದರೋ ಇನ್ನೂ ಸಮಯವುಂಟು. ಕರ್ತನ ಸಮಾಧಾನವು ನಿಮ್ಮೆಲ್ಲರ ಮನೆಗಳಲ್ಲಿ ನೆಲೆಸಿರಲಿ.