ಕಟ್ಟು ಮಗನಿಗೆ, ಕಾಳು ಹಸುವಿಗೆ!

ಶ್ರೀರಂಗಪಟ್ಟಣದ ಮಗ್ಗುಲಲ್ಲೇ ಇರುವ ಬಾಬುರಾಯನಕೊಪ್ಪಲಿಗೆ ಈಚೆಗೆ ಹೋಗಿದ್ದಾಗ ಪರಿಚಿತರೊಬ್ಬರ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ರಾಗಿಮುದ್ದೆ, ಹುರುಳಿಕಟ್ಟಿನ ಸಾರು. ಮನೆಯ ಮಗನಿಗೆ ಇಪ್ಪತ್ತು ವರ್ಷ. ತೂಕ ಅರುವತ್ತು ಕಿಲೋ. ಮೈಕಟ್ಟು ಬೆಳೆಸಬೇಕೆಂದು ವ್ಯಾಯಾಮಶಾಲೆಗೆ ಸೇರಿದ್ದಾನೆ. “ಪ್ರೋಟೀನ್ ಪುಡಿಗೆ ತಿಂಗಳಿಗೆ ಮೂರು ಸಾವಿರ ಬೇಕಂತಾನೆ ಸ್ವಾಮಿ, ಎಲ್ಲಿಂದ ತರೋಣ?” ಎಂದರು ತಾಯಿ. ಊಟ ಮುಗಿಸಿ ಹಿತ್ತಲಿಗೆ ಕೈತೊಳೆಯಲು ಹೋದೆ. ಕಟ್ಟು ಬಸಿದು ಉಳಿದ ಹುರುಳಿಕಾಳು ಹಸುವಿನ ಬಾನಿಯಲ್ಲಿತ್ತು. ಹಸು ಕೊಟ್ಟ ಹಾಲೆಲ್ಲ ಡೇರಿಗೆ ಹೋಗಿತ್ತು. ಆ ತಾಯಿಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಇತ್ತು.

ಮಾಂಸಖಂಡ ಬೆಳೆಯುವುದು ಶ್ರಮದಿಂದ. ಆಹಾರವು ಅದಕ್ಕೆ ಸಾಮಗ್ರಿಯನ್ನು ಒದಗಿಸುತ್ತದೆ. ಸಾಮಾನ್ಯ ಆರೋಗ್ಯವಂತರಿಗೆ ದೇಹದ ತೂಕದ ಪ್ರತಿ ಕಿಲೋವಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಗೊತ್ತುಪಡಿಸಿತು. ಭಾರವೆತ್ತಿ ಸಾಧನೆ ಮಾಡುವವರಿಗೆ ಸುಮಾರು ಒಂದೂವರೆ ಗ್ರಾಂ ಬೇಕಾದೀತು. ಅದನ್ನು ಬಹಳ ಮೀರಿ ತಿಂದರೆ ಹೆಚ್ಚಿನ ಲಾಭವಿಲ್ಲ. ಈ ಹುಡುಗನ ಲೆಕ್ಕಕ್ಕೆ ದಿನವೊಂದಕ್ಕೆ 90 ಗ್ರಾಂ.

ಮುದ್ದೆಯೊಂದರಿಂದಲೇ ಇದು ದೊರೆಯದು. ನೂರು ಗ್ರಾಂ ರಾಗಿಯಲ್ಲಿ ಪ್ರೋಟೀನ್ ಏಳು ಗ್ರಾಂ ಮಾತ್ರ. ಹುರುಳಿಯಲ್ಲಿ ಸುಮಾರು ಇಪ್ಪತ್ತೆರಡು. ಅಲ್ಲದೆ ರಾಗಿ, ಅಕ್ಕಿಗಳಲ್ಲಿ ಕಡಿಮೆಯಿರುವ ಲೈಸೀನ್ ಎಂಬ ಅಂಶ ಕಾಳುಗಳಲ್ಲಿ ಸಮೃದ್ಧವಾಗಿದೆ. ಆದರೆ ಕಟ್ಟನ್ನು ಬಸಿದಾಗ ನೀರಿಗಿಳಿಯುವುದು ರುಚಿ ಮತ್ತು ಸ್ವಲ್ಪ ಸತ್ತ್ವ; ಪ್ರೋಟೀನಿನ ಬಹುಭಾಗ ಕಾಳಿನಲ್ಲಿಯೇ ಉಳಿಯುತ್ತದೆ. ಅದನ್ನು ಹಸುವಿಗೆ ಹಾಕಿ ಮಗನಿಗೆ ಸಾರು ಬಡಿಸಿದರೆ ಬೆಳೆಯುವುದು ಯಾರ ಮೈ?

ಒಂದು ದಿನದ ಲೆಕ್ಕ ನೋಡಿ. ರಾಗಿಹಿಟ್ಟು 150 ಗ್ರಾಂ, ಅಕ್ಕಿ 150 ಗ್ರಾಂ: ಎರಡರಿಂದ 22 ಗ್ರಾಂ ಪ್ರೋಟೀನ್. ಹುರುಳಿ 60 ಗ್ರಾಂ: 13. ಮೊಳಕೆ ಬರಿಸಿದ ಕಡಲೆ 40 ಗ್ರಾಂ (ನೆನೆಸುವ ಮೊದಲಿನ ತೂಕ): 8. ಕಡಲೆಕಾಯಿಬೀಜ 40 ಗ್ರಾಂ: 10. ಹಾಲು ಅರ್ಧ ಲೀಟರು: 16. ಮೊಸರು 200 ಗ್ರಾಂ: 6. ಮೂರು ಮೊಟ್ಟೆ: 18. ಒಟ್ಟು 93! ಮೊಟ್ಟೆ ತಿನ್ನದ ಮನೆಗಳಲ್ಲಿ ಕಾಳು, ಸೋಯಾ, ಪನೀರುಗಳನ್ನು ಹೆಚ್ಚಿಸಬಹುದು. ತಿನ್ನುವವರು ಬೇಯಿಸಿಯೇ ತಿನ್ನಲಿ. ಹಸಿಮೊಟ್ಟೆಯ ಪ್ರೋಟೀನ್ ಅಷ್ಟು ಚೆನ್ನಾಗಿ ಜೀರ್ಣವಾಗುವುದಿಲ್ಲ.

ಮೈಸೂರಿನ ಗರಡಿಗಳ ಪೈಲ್ವಾನರು ಹಾಲು, ತುಪ್ಪ, ಬಾದಾಮಿಗಳನ್ನು ನೆಚ್ಚಿದವರು. ದಂಡ, ಬಸ್ಕಿಗಳ ಬೆವರಿನಿಂದ ಅವು ಅರಗುತ್ತಿದ್ದವು. ಬಾದಾಮಿ ಕೊಳ್ಳಲಾಗದವರು ಕೊರಗಬೇಕಾಗಿಲ್ಲ. ಪ್ರೋಟೀನಿನಲ್ಲಿ ಕಡಲೆಕಾಯಿಬೀಜ ಅದಕ್ಕೇನೂ ಕಡಿಮೆಯಲ್ಲ.

ಇನ್ನು ಆ ಪುಡಿ. ಅದರಲ್ಲಿ ಹೆಚ್ಚಾಗಿ ಮಾರಾಟವಾಗುವುದು ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದ ತೆಗೆದದ್ದು. ಅದು ವಿಷವಲ್ಲ, ಅಮೃತವೂ ಅಲ್ಲ. ಹಾಲಿನದೇ ಒಂದು ಭಾಗ. ಮನೆಯ ಹಾಲನ್ನು ಮಾರಿ ಅದನ್ನು ಕೊಳ್ಳುವುದೇಕೆ? ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಹೊರಡುವಾಗ ಆ ತಾಯಿಗೆ ಹೇಳಿದೆ: “ಅರ್ಧ ಲೀಟರು ಹಾಲನ್ನು ಮನೆಯಲ್ಲಿ ಉಳಿಸಿಕೊಳ್ಳಿ ತಾಯಿ. ಹುರುಳಿಕಾಳಿಗೆ ಒಗ್ಗರಣೆ ಹಾಕಿ ಪಲ್ಯ ಮಾಡಿ. ಹಸುವಿಗೆ ಹಿಂಡಿ, ಬೂಸಾ ಇದ್ದೇ ಇವೆ.” ಅವರು ಮಗನ ಕಡೆ ನೋಡಿ ನಕ್ಕರು. ಮಗನೂ ನಕ್ಕ, ಆದರೆ ಕೊಂಚ ತಡವಾಗಿ.